ಹಾಡು ನಿಂತ ತಿಂಗಳಲ್ಲಿ ಜಂದೀರಾ

ಕಳೆದ ತಿಂಗಳು ಪಾರ್ಕಿಂಗಿನಲ್ಲಿ ಯಾರೋ ನನ್ನ ಕಾರಿನ ಬಾಗಿಲಿಗೆ ಗೀರಿ, ಹೇಳದೆ ಕೇಳದೆ ಹೋಗಿಬಿಟ್ಟರು. ಕಾರನ್ನು ಇಲ್ಲೇ ಬಹರೈನಿನ ಟುಬ್ಲಿಯಲ್ಲಿರುವ ವಿಲ್ಫಿಯ ಗ್ಯಾರೇಜಿಗೆ ಕೊಂಡುಹೋದೆ. ಡೆಂಟ್ ತೆಗೆದು ಪೇಂಟ್ ಹೊಡೆಯುವ ಗ್ಯಾರೇಜು ಅದು. ವಿಲ್ಫಿ ಅಲ್ಲಿಯ ಮ್ಯಾನೇಜರ್, ಗುಫೂಲಿನಲ್ಲಿ ನಮ್ಮ ಎದುರು ಫ್ಲ್ಯಾಟಿನವನು. ಒಳಗೆ ಕಾಲಿಟ್ಟದ್ದೇ ಪೇಂಟು, ಥಿನ್ನರಿನ ಘಾಟಿನ ಜೊತೆಗೆ ಹಿಂದುಗಡೆ ಕೆಲಸದವರು ಹುರಿಯುತ್ತಿದ್ದ ಈರುಳ್ಳಿಯ ವಾಸನೆ ಬಂತು. ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಒಬ್ಬಳದೇ ನೆನಪು, ಜಂದೀರಾಳದು. ಅವಳನ್ನು ಮರೆತಿದ್ದೆನೆಂದಲ್ಲ. ಮಾಡಲಾಗದ್ದನ್ನು ನೆನೆದು ಏನು ಪ್ರಯೋಜನ ಎಂದು ಬೇರೆ ಕೆಲಸಗಳನ್ನು ಮೈಮೇಲೆ ಎಳೆದುಕೊಂಡಿದ್ದೆ.

ನಾನು ಮನಾಮದ ಒಂದು ಹೋಟೆಲಿನ ಆಫೀಸಿನಲ್ಲಿದ್ದೇನೆ. ಅಡುಗೆಯವರು, ಬಾಗಿಲು ಕಾಯುವವರು, ಹಾಡುವವರು, ಎಲ್ಲರ ವೀಸಾ, ಸಿಪಿಆರ್ ಎಂಬ ಇಲ್ಲಿಯ ಗುರುತಿನ ಕಾರ್ಡು, ಉಳಿಯುವ ಕೋಣೆ ಇವೆಲ್ಲ ನನ್ನ ತಲೆನೋವು. ಒಂದು ವರ್ಷ ಚಳಿಗಾಲಕ್ಕೆ ಬ್ರೆಜಿಲಿನಿಂದ ಜಂದೀರಾ ಎಂಬ ಗಾಯಕಿ ಬರುತ್ತಾಳೆಂದು ಲಿಫ್ಟಿನೊಳಗೆ ಪೋಸ್ಟರ್ ಅಂಟಿಸಿದರು. ಪೋಸ್ಟರಿನಲ್ಲಿ ತಲೆಗೆ ಹಸಿರು ಗರಿ ಕಟ್ಟಿಕೊಂಡ ಹುಡುಗಿಯೊಬ್ಬಳು ಹಲ್ಲು ಕಿರಿದು ಕುಣಿಯುತ್ತಿದ್ದಳು. ಆ ಚಿತ್ರ ಎಲ್ಲಿಂದ ಎತ್ತಿದ್ದೋ ಯಾರಿಗೂ ಗೊತ್ತಿಲ್ಲ. ವಿಮಾನದಿಂದ ಇಳಿದು ಬಂದವಳು ಅರುವತ್ತರ ಹತ್ತಿರದ, ಮೊಣಕಾಲು ನೋವಿನ, ನೀಲಿ ಹತ್ತಿ ಅಂಗಿ ತೊಟ್ಟ ಹೆಂಗಸು. ಕೈಯಲ್ಲೊಂದು ಗಿಟಾರು. ಲಿಫ್ಟಿನಲ್ಲಿ ನನ್ನ ಜೊತೆ ಮೇಲೆ ಬರುವಾಗ ಪೋಸ್ಟರನ್ನು ಚೆನ್ನಾಗಿ ನೋಡಿ, "ಈ ಹುಡುಗಿಗೂ ನನ್ನದೇ ಹೆಸರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮೆಡಿಕಲ್ಲಿನ ಸಾಲಿನಲ್ಲಿ, ಬೆರಳಚ್ಚು ಕೊಡುವ ಸಾಲಿನಲ್ಲಿ, ಹೀಗೆ ಕಾಯುವ ಹೊತ್ತಿನಲ್ಲೆಲ್ಲ ಅವಳು ತನ್ನ ಕತೆಯನ್ನು ಚೂರು ಚೂರು ಹೇಳಿದಳು. ಬ್ರೆಜಿಲಿನ ಈಶಾನ್ಯ ಮೂಲೆಯ ಒಂದು ಬಂದರಿನ ಊರು. ಅಪ್ಪ ಹಡಗಿಗೆ ಸಕ್ಕರೆ ಮೂಟೆ ಹೊರುವವನು. ಮೊದಲು ಚರ್ಚಿನಲ್ಲಿ ಹಾಡಿದ್ದು, ಆಮೇಲೆ ಬಂದರಿನ ಬಾರುಗಳಲ್ಲಿ. ಇಪ್ಪತ್ತೊಂದರ ವಯಸ್ಸಿಗೆ ಅವಳೇ ಬರೆದು ಅವಳೇ ಹಾಡಿದ ಒಂದು ರೆಕಾರ್ಡು ಬಂತು. ಒಂದು ಬೇಸಗೆ ಇಡೀ ಅದು ರೇಡಿಯೊದಲ್ಲಿ ಕೇಳಿತು. ಮರುವರ್ಷ ಬಹಳ ಹೆಸರಿದ್ದ ಇನ್ನೊಬ್ಬ ಗಾಯಕಿ ಅದೇ ಹಾಡನ್ನು ದೊಡ್ಡ ವಾದ್ಯಮೇಳ ಕಟ್ಟಿಕೊಂಡು ಹಾಡಿದಳು. ಅಲ್ಲಿಗೆ ಜಂದೀರಾಳ ಹಾಡು ಜಂದೀರಾಳ ಕೈ ಬಿಟ್ಟುಹೋಯಿತು.

"ನನ್ನ ಊರಿನಲ್ಲೇ, ನನ್ನ ಬೀದಿಯಲ್ಲೇ ನಾನು ಹಾಡಿದರೆ, ಅವಳ ಹಾಡನ್ನು ಚೆನ್ನಾಗಿ ಹಾಡ್ತೀಯಮ್ಮ ಅಂದರು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮುಗಿದು ಎಷ್ಟೋ ವರ್ಷವಾದಂತಿತ್ತು.

ಆಮೇಲೆ ರೆಕಾರ್ಡು ತಂದ ಕಂಪನಿ ಮುಚ್ಚಿತು. ಮದುವೆಯೊಂದು ಆಗಿ ಮುರಿಯಿತು. ಲಿಸ್ಬನ್ನಿನ ಹೋಟೆಲು, ಪ್ರವಾಸಿಗರ ಹಡಗು, ಮಸ್ಕತ್, ದೋಹಾ, ಈಗ ಬಹರೈನ್. ಎಲ್ಲ ಕಡೆಯೂ ಜನ ಕೇಳುವುದು ಲೋಕಕ್ಕೆಲ್ಲ ಗೊತ್ತಿರುವ ನಾಲ್ಕು ಬ್ರೆಜಿಲ್ ಹಾಡುಗಳನ್ನು. ಅವಳು ಮಾತ್ರ ಬರೆಯುವುದನ್ನು ಬಿಟ್ಟಿರಲಿಲ್ಲ. ಹಡಗಿನಲ್ಲಿ ಬರೆದದ್ದು, ಮಸ್ಕತ್ತಿನಲ್ಲಿ ಬರೆದದ್ದು, ಯಾರೂ ಕೇಳದ ಹಾಡುಗಳು ಅವಳ ಬಳಿ ಬೇಕಾದಷ್ಟಿದ್ದವು.

ಗಿರಾಕಿಗಳು ಕರಗಿದ ಮೇಲೆ ಕೊನೆಯ ಸುತ್ತಿನಲ್ಲಿ ಅವುಗಳಲ್ಲಿ ಒಂದೆರಡನ್ನು ಹಾಡುತ್ತಿದ್ದಳು. ಕೆಲಸ ಮುಗಿದಿದ್ದರೂ ನಾನು ಬ್ಯಾಗು ಮಡಿಲಲ್ಲಿಟ್ಟುಕೊಂಡು ಹಿಂದಿನ ಮೇಜಿನಲ್ಲಿ ಕೂತಿರುತ್ತಿದ್ದೆ. ನನಗೆ ಸಂಗೀತ ಬಾರದು, ಪೋರ್ಚುಗೀಸ್ ಅಂತೂ ಬಾರದೇ ಬಾರದು. ಆದರೂ ಒಂದು ಸಂಗತಿ ಗೊತ್ತಾಗುತ್ತಿತ್ತು. ಗಿಟಾರಿನ ತಾಳ ತನ್ನಷ್ಟಕ್ಕೆ ಮುಂದೆ ಹೋಗುತ್ತದೆ, ಅವಳ ದನಿ ಹಿಂದಿನಿಂದ ನಿಧಾನವಾಗಿ ಬರುತ್ತದೆ, ಇನ್ನೇನು ಬಸ್ಸು ತಪ್ಪಿತು ಅನ್ನುವಾಗ ಹತ್ತಿಕೊಳ್ಳುತ್ತದೆ. ಪ್ರತಿ ಸಾಲಿನಲ್ಲೂ ನನ್ನ ಜೀವ ಒಮ್ಮೆ ಬಾಯಿಗೆ ಬಂದು ಹೋಗುತ್ತಿತ್ತು. ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರಿಗೆ ಮಾತ್ರ ಇದು ರುಚಿಸಲಿಲ್ಲ. "ಯಾರಿಗೂ ಗೊತ್ತಿಲ್ಲದ ಹಾಡು ಯಾಕೆ? ಗೊತ್ತಿದ್ದದ್ದು ಹಾಡಲಿ, ಖಲಾಸ್" ಎಂದು ನನ್ನ ಕೈಯಲ್ಲಿ ಹೇಳಿಸಿದರು. ನಾನು ಹೇಳಿದೆ. ಅವಳು ತಲೆಯಾಡಿಸಿದಳು, ಆದರೆ ಹಾಡುವುದನ್ನು ಬಿಡಲಿಲ್ಲ.

ನನ್ನ ಗಂಡನ ಕೆಲಸ ಸೌದಿಯಲ್ಲಿ. ವಾರಕ್ಕೊಮ್ಮೆ ಸೇತುವೆ ದಾಟಿ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಜಂದೀರಾಳನ್ನು ಊಟಕ್ಕೆ ಕರೆಯುವುದು ಅಭ್ಯಾಸವಾಯಿತು. ನನ್ನದು ಕುಂದಾಪುರದ ಕಡೆಯ ಅಡುಗೆ. ತೆಂಗಿನಕಾಯಿ ಅರೆದ ಮೀನುಸಾರು ಅವಳಿಗೆ ತನ್ನ ಊರಿನದೇ ಅನ್ನಿಸಿತಂತೆ. ಎದುರು ಮನೆಯ ವಿಲ್ಫಿ ಮಂಗಳೂರಿನವನು, ಕೊಂಕಣಿ ಕ್ರೈಸ್ತ. ನನಗೆ ತುಳುವೂ ಇಲ್ಲ, ಕೊಂಕಣಿಯೂ ಇಲ್ಲ. ಆದ್ದರಿಂದ ನಮ್ಮಿಬ್ಬರ ಮಾತು ಕನ್ನಡದಲ್ಲಿ. ಅವನು ಜಂದೀರಾಳಿಗೆ ಕಿಟಕಿ ತೋರಿಸಿ "ಜನೆಲ್" ಎಂದ, ಕುರ್ಚಿ ತೋರಿಸಿ "ಕದೆಲ್" ಎಂದ, ಚರ್ಚಿಗೆ "ಇಗರ್ಜ್" ಎಂದ. ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಮಾತುಗಳು ಅವು, ಅವಳಿಗೆ ಎಲ್ಲವೂ ಅರ್ಥವಾಯಿತು. ನೂರಾರು ವರ್ಷದ ಹಿಂದೆ ಬೇರೆಯಾದ ನೆಂಟರು ಸಿಕ್ಕ ಹಾಗೆ ಇಬ್ಬರೂ ನಗುತ್ತಾ ಕೂತರು. ವಿಲ್ಫಿ ಅವತ್ತಿನಿಂದ ಅವಳನ್ನು ತನ್ನವಳೆಂದೇ ತಿಳಿದ.

ವಿಲ್ಫಿಗೆ ಸಂಗೀತದ ಹುಚ್ಚು. ಕೀಬೋರ್ಡ್ ನುಡಿಸುತ್ತಾನೆ. ಗ್ಯಾರೇಜಿನ ಮೇಲಿನ ಕೋಣೆಯ ಗೋಡೆಗಳಿಗೆ ಹಳೆಯ ಕಾರ್ಪೆಟ್ ಹೊಡೆದು ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದಾನೆ. ಇಲ್ಲಿಯ ಕೊಂಕಣಿ ಜನರಲ್ಲಿ ಆಫೀಸು, ಆಸ್ಪತ್ರೆಯಲ್ಲಿ ದುಡಿಯುವವರಿಗೂ ಒಂದು ಕೊಂಕಣಿ ಹಾಡಿನ ಆಲ್ಬಂ ತರುವ ಆಸೆ ಇರುತ್ತದೆ. ಅವರೆಲ್ಲ ಬಂದು ಇಲ್ಲಿ ಹಾಡುತ್ತಾರೆ. ಹಾಡಿದ್ದನ್ನು ವಿಲ್ಫಿ ಮಂಗಳೂರಿನ ರೋಶನ್ ಎಂಬವನಿಗೆ ಕಳಿಸುತ್ತಾನೆ. ಶ್ರುತಿ ಬಿಟ್ಟವರನ್ನು ಶ್ರುತಿಗೆ ತಂದು, ತಾಳ ತಪ್ಪಿದವರನ್ನು ತಾಳಕ್ಕೆ ಎಳೆದು, ಉಸಿರು, ಕೆಮ್ಮು, ತೊದಲು ಒರೆಸಿ ರೋಶನ್ ವಾಪಸು ಕಳಿಸುತ್ತಾನೆ. ಕೇಳಿದವರು ತಮ್ಮ ದನಿಗೆ ತಾವೇ ಮರುಳಾಗಿ ವಿಲ್ಫಿಯ ಕೈ ಹಿಡಿದು ಕಣ್ಣೀರು ಹಾಕುತ್ತಾರೆ. ವರ್ಷಗಳಿಂದ ನಡೆದುಬಂದದ್ದು ಹೀಗೆ.

ಫೆಬ್ರವರಿಯಲ್ಲಿ ಜಂದೀರಾಳ ದನಿ ಒಡೆಯತೊಡಗಿತು. ಆ ತಿಂಗಳು ಉತ್ತರದ ಗಾಳಿ ಬಿಡದೆ ಬೀಸಿ, ಊರಿಗೆ ಊರೇ ಧೂಳಿನ ಬಣ್ಣಕ್ಕೆ ತಿರುಗಿತ್ತು. ಧೂಳಿನಿಂದ ಹಾಗಾಗಿದೆ ಎಂದು ನಾವು ಬಿಸಿನೀರು, ಜೇನು, ಕರಿಮೆಣಸು ಎಲ್ಲ ಕೊಟ್ಟೆವು. ಡಾಕ್ಟರು ಗಂಟಲೊಳಗೆ ನೋಡಿ, ದನಿಯ ತಂತುವಿನ ಮೇಲೆ ಗಡ್ಡೆ ಬೆಳೆದಿದೆ, ತೆಗೆಯಲೇಬೇಕು, ತಡಮಾಡುವಂತಿಲ್ಲ ಎಂದರು. ತೆಗೆದ ಮೇಲೆ ಹಾಡಬಹುದೇ ಎಂದು ಕೇಳಿದ್ದಕ್ಕೆ, "ಮಾತಾಡಬಹುದು" ಎಂದಷ್ಟೇ ಹೇಳಿದರು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೂ ಅವಳು ಬಹಳ ಹೊತ್ತು ಬೆಲ್ಟು ಹಾಕಿಕೊಳ್ಳಲಿಲ್ಲ.

ಕಷ್ಟ ಅಂದರೆ, ಅದೇ ವಾರ ಅವಳಿಗೆ ಬ್ರೆಜಿಲಿನಿಂದ ಒಂದು ಮೇಲ್ ಬಂದಿತ್ತು. ಸಾವೊ ಪಾವ್ಲೊದಲ್ಲಿ ಒಬ್ಬನಿಗೆ ಹಳೆಯ ರೆಕಾರ್ಡು ಹುಡುಕಿ ಮತ್ತೆ ಹೊರತರುವ ಕೆಲಸ. ಇವಳ ಮೊದಲ ರೆಕಾರ್ಡು ಅವನ ಕೈಗೆ ಸಿಕ್ಕಿತ್ತು. ಆ ಹಾಡನ್ನು ಬರೆದವರು ನೀವೇ ಎಂದು ಈಗ ತಿಳಿಯಿತು, ನೀವಿನ್ನೂ ಇದ್ದೀರಿ ಎಂದು ತಿಳಿದು ಸಂತೋಷವಾಯಿತು, ಹೊಸ ಹಾಡುಗಳಿದ್ದರೆ ಕಳಿಸಿ, ಹೊಸ ರೆಕಾರ್ಡು ತರೋಣ ಎಂದು ಬರೆದಿದ್ದ. ಅವಳು ಅದನ್ನು ನನಗೆ ಓದಿ ಓದಿ ಅರ್ಥ ಹೇಳಿದಳು. ನಲವತ್ತು ವರ್ಷದಿಂದ ಕಾದದ್ದು ಆ ಮೇಲಿಗೆ. ತನ್ನ ಹಾಡು ಒಮ್ಮೆಯಾದರೂ ತನ್ನ ಬಾಯಿಯಿಂದಲೇ ತನ್ನ ಊರಿಗೆ ಕೇಳಬೇಕು, ಅದಕ್ಕಿಂತ ಹೆಚ್ಚಿನದೇನೂ ಅವಳಿಗೆ ಬೇಡವಾಗಿತ್ತು. ಆಪರೇಷನ್ನಿಗೆ ಮೊದಲು ಹಾಡಿ ಮುಗಿಸಬೇಕು.

ಮಾರ್ಚ್ ಹಿಡಿಯುವಾಗ ರಂಜಾನ್ ಶುರುವಾಯಿತು. ರಂಜಾನಿನಲ್ಲಿ ಹೋಟೆಲುಗಳಲ್ಲಿ ಹಾಡು, ಕುಣಿತ ಇಲ್ಲ. ಆ ವರ್ಷ ಈಸ್ಟರಿಗೆ ಮೊದಲಿನ ಕ್ರೈಸ್ತರ ತಪಸ್ಸು ಕಾಲವೂ ಅದೇ ವಾರ ಹಿಡಿಯಿತು. ವಿಲ್ಫಿಯ ಕಡೆಯೂ ಮದುವೆ ಇಲ್ಲ, ಪಾರ್ಟಿ ಇಲ್ಲ. ಇಡೀ ಊರಿನಲ್ಲಿ ಹಾಡುವವರಿಗೆ ಕೆಲಸವಿಲ್ಲದ ತಿಂಗಳು. ನನಗೆ ಆಗ ಅದೊಂದು ಅನುಕೂಲವೆಂದೇ ಕಂಡಿತು. ಗ್ಯಾರೇಜು ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಕಂಪ್ರೆಸರಿನ ಗದ್ದಲವಿಲ್ಲ. ಇಫ್ತಾರಿಗೆ ಮೊದಲಿನ ಆ ಗಳಿಗೆಯಲ್ಲಿ ರಸ್ತೆಯೆಲ್ಲ ಖಾಲಿ. ಕೆಳಗೆ ಉಪವಾಸದ ಕೆಲಸದವರು ಈರುಳ್ಳಿ ಹೆಚ್ಚಿ ಪಕೋಡಕ್ಕೆ ಅಣಿಮಾಡುತ್ತಿರುವಾಗ ಮೇಲೆ ಜಂದೀರಾ ಹಾಡುತ್ತಿದ್ದಳು.

ಮೊದಲ ದಿನವೇ ವಿಲ್ಫಿಗೆ ಅವಳು ಕಟ್ಟುನಿಟ್ಟಾಗಿ ಹೇಳಿದ್ದಳು, ಗಿಟಾರು ಮತ್ತು ದನಿ, ಬೇರೆ ಏನೂ ಸೇರಿಸಬಾರದು. ವಿಲ್ಫಿಗೆ ಕೀಬೋರ್ಡ್ ಮುಟ್ಟದೆ ಕೂರುವುದು ಕೈಕಟ್ಟಿ ಹಾಕಿದ ಹಾಗೆ. ಆದರೂ ಒಪ್ಪಿದ.

"ಅವರು ಹೇಳಿದ ಮೇಲೆ ಮುಗೀತು ಶಶಿಯಕ್ಕ. ಒಂದು ಸ್ವರ ನಾನು ಹಾಕುವುದಿಲ್ಲ" ಎಂದ ನನ್ನಲ್ಲಿ.

ಒಡೆದ ದನಿಯಲ್ಲೇ ಅವಳು ಎಂಟು ಹಾಡು ಹಾಡಿದಳು. ಕೆಲವು ಕಡೆ ದನಿ ಜಾರಿತು, ಕೆಲವು ಕಡೆ ಬರೀ ಉಸಿರು ಬಂತು. ಅವಳು ಅದನ್ನು ಬಚ್ಚಿಡಲಿಲ್ಲ, ಜಾರಿದಲ್ಲಿ ಇನ್ನೂ ಮೆಲ್ಲಗೆ ಹಾಡಿದಳು. ಒಂದು ದಿನ ಜೋರು ಮಳೆ ಬಂದು ತಗಡಿನ ಮಾಡು ದಡದಡ ಎಂದು ರೆಕಾರ್ಡಿಂಗ್ ನಿಂತಿತು. ಗುಫೂಲಿನ ರಸ್ತೆಯಲ್ಲಿ ಮೊಣಕಾಲು ನೀರು, ಟ್ಯಾಂಕರುಗಳು ಬಂದು ಹೀರಬೇಕು. ಅವತ್ತು ನಾವು ಮೂವರೂ ಅಲ್ಲೇ ಕೂತು, ಕೆಳಗಿನವರು ಕೊಟ್ಟ ಖರ್ಜೂರ, ಪಕೋಡ ತಿಂದೆವು. ಹಡಗಿನಲ್ಲಿ ಬರೆದ ಹಾಡಿನ ಅರ್ಥವನ್ನು ಅವಳು ನಮಗೆ ಹೇಳಿದಳು. ಊರಿನ ದೀಪಗಳು ಕಾಣುವಷ್ಟು ಹತ್ತಿರ ಹೋಗಿ ಹಡಗು ತಿರುಗಿಬಿಡುತ್ತದೆ, ಅಷ್ಟೇ ಆ ಹಾಡಿನಲ್ಲಿರುವುದು. ನನಗೆ ಆ ಸಂಜೆ ಬಹಳ ಸಂತೋಷವಾಗಿತ್ತು.

ಹಾಡುಗಳನ್ನು ಸಾವೊ ಪಾವ್ಲೊಕ್ಕೆ ಕಳಿಸುವ ಜವಾಬ್ದಾರಿಯನ್ನು ವಿಲ್ಫಿಗೆ ಕೊಟ್ಟು ಅವಳು ಆಸ್ಪತ್ರೆ ಸೇರಿದಳು. ಆಪರೇಷನ್ ಸರಿಯಾಗಿಯೇ ಆಯಿತು. ಆಮೇಲೆ ಮಾತು ಪೂರ್ತಿ ಬಂದ್. ಪಿಸುಗುಟ್ಟಲೂಬಾರದು ಎಂದು ಡಾಕ್ಟರ ಅಪ್ಪಣೆ. ಸ್ಟಾಫ್ ಕೋಣೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ನಾನು ಅವಳನ್ನು ಮನೆಗೇ ಕರೆತಂದೆ. ಗಂಜಿ ಕುಡಿದು, ಕಿಟಕಿ ಬಳಿ ಕೂತು, ಏನಾದರೂ ಬೇಕಾದರೆ ಫೋನಿನಲ್ಲಿ ಬರೆದು ತೋರಿಸುತ್ತಿದ್ದಳು.

ಒಂದು ಸಂಜೆ ವಿಲ್ಫಿ ಲ್ಯಾಪ್‌ಟಾಪು, ಹೆಡ್‌ಫೋನು ಹಿಡಿದುಕೊಂಡು ಬಂದ. ಮುಖ ಅರಳಿತ್ತು.

"ಕೇಳ್ಲಿಕ್ಕೆ ಹೇಳಿ ಶಶಿಯಕ್ಕ. ಕಳಿಸಿಯೂ ಆಯ್ತು ಅಲ್ಲಿಗೆ" ಎಂದ. "ಕೀಬೋರ್ಡ್ ಒಂದು ಚೂರು ಇಲ್ಲ, ಗೊತ್ತುಂಟಾ? ರೋಶನ್ ಬರೀ ಕ್ಲೀನ್ ಮಾಡಿದ್ದು. ಶ್ರುತಿ ಎಲ್ಲ ಸರಿ ಕೂತಿದೆ. ಅವರು ಪಾಪ, ಹುಷಾರಿಲ್ಲದೆ ಎಲ್ಲ ಸಾಲೂ ಲೇಟ್ ಲೇಟ್ ತೆಗೊಂಡಿದ್ರು ಅಲ್ವಾ, ಅದನ್ನೆಲ್ಲ ಒಂದೊಂದೇ ಹಿಡಿದು ತಾಳಕ್ಕೆ ಕೂರಿಸಿದ್ದಾನೆ. ಜ್ವರ ಇತ್ತು ಅವನಿಗೆ. ಆದ್ರೂ ಮಾಡಿದ."

ಜಂದೀರಾ ಹೆಡ್‌ಫೋನು ಹಾಕಿಕೊಂಡಳು. ವಿಲ್ಫಿ ಅವಳ ಮುಖವನ್ನೇ ನೋಡುತ್ತ ನಿಂತ. ಎರಡನೆಯ ಹಾಡಿಗೆ ಅವಳು ಕಣ್ಣು ಮುಚ್ಚಿದಳು. ಎಂಟನ್ನೂ ಕೊನೆಯವರೆಗೆ ಕೇಳಿ, ಹೆಡ್‌ಫೋನು ತೆಗೆದು ಜೋಪಾನವಾಗಿ ಮೇಜಿನ ಮೇಲಿಟ್ಟು, ಎದ್ದು ಬಂದು ವಿಲ್ಫಿಯ ಎರಡೂ ಕೈಗಳನ್ನು ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ವಿಲ್ಫಿಯೂ ಅತ್ತುಬಿಟ್ಟ. ಅವನು ಎಷ್ಟೋ ಜನರ ಕಣ್ಣೀರನ್ನು ಹೀಗೆ ನೋಡಿದ್ದವನು. ಇದೂ ಅದೇ ಎಂದು ತಿಳಿದುಕೊಂಡ.

ಅವನು ಹೋಗಿ ಬಾಗಿಲು ಹಾಕಿದ ಮೇಲೆ ಅವಳು ಫೋನಿನಲ್ಲಿ ಬರೆದು ತೋರಿಸಿದಳು. "ಚೆನ್ನಾಗಿದೆ. ಯಾರು ಹಾಡಿದ್ದು?"

ನಾನೂ ಕೇಳಿದೆ. ಸಂಗೀತ ಬಾರದ ನನಗೂ ತಿಳಿಯಿತು. ದನಿ ಜಾರುತ್ತಿರಲಿಲ್ಲ, ಉಸಿರು ಕೇಳುತ್ತಿರಲಿಲ್ಲ, ಪ್ರತಿ ಸಾಲೂ ಗಿಟಾರಿನ ಜೊತೆಗೇ ಹೆಜ್ಜೆ ಇಟ್ಟು ನಡೆಯುತ್ತಿತ್ತು. ನನ್ನ ಜೀವ ಒಮ್ಮೆಯೂ ಬಾಯಿಗೆ ಬರಲಿಲ್ಲ. ಯಾವ ಮಾಲಿನಲ್ಲಾದರೂ ಹಾಕಬಹುದಾದ ಹಾಡುಗಳು ಅವು. ತಡವಾಗಿ ಹಾಡುವುದೇ ಅವಳ ಹಾಡುಗಾರಿಕೆ ಎಂದು ರೋಶನ್‌ಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದೀತೆಂದು ಯಾರಿಗೂ ಹೊಳೆದಿರಲೂ ಇಲ್ಲ. ಏನೂ ಸೇರಿಸಬಾರದು ಎಂದಿದ್ದಳು, ವಿಲ್ಫಿ ಸೇರಿಸಿರಲಿಲ್ಲ. ಸರಿಪಡಿಸುವುದನ್ನು ಅವನು ಸೇರಿಸುವುದೆಂದು ಯಾವತ್ತೂ ಎಣಿಸಿದವನಲ್ಲ.

ಮರುದಿನ ಮೆಟ್ಟಿಲಲ್ಲಿ ಸಿಕ್ಕಾಗ ಏನೂ ಆಗದವಳಂತೆ ಕೇಳಿದೆ.

"ವಿಲ್ಫಿ, ಅವ್ರ್ ಮೊದ್ಲ್ ಹಾಡಿದ್ದ್ ಇತ್ತಾ ನಿನ್ ಹತ್ರ?"

"ಮೊದಲಿಂದು? ಇಲ್ಲ, ತೆಗೆದೆ. ಪವಿತ್ರ ವಾರದ ಹಾಡುಗಳ ರೆಕಾರ್ಡಿಂಗ್ ಶುರು ಆಯ್ತಲ್ಲ, ಕಂಪ್ಯೂಟರಲ್ಲಿ ಜಾಗ ಬೇಕು. ಅದನ್ನು ಇಟ್ಟು ಎಂತ ಮಾಡುವುದು?"

"ರೋಶನ್ ಹತ್ರ?"

"ಅವನು ಅದರ ಮೇಲೇ ಕೆಲಸ ಮಾಡುವುದು. ಬೇರೆ ಇಡುವುದಿಲ್ಲ." ಒಂದು ಕ್ಷಣ ನನ್ನ ಮುಖ ನೋಡಿದ. "ಯಾಕೆ ಶಶಿಯಕ್ಕ? ಎಂತಾದ್ರೂ ಕಡಿಮೆ ಆಯ್ತಾ?"

"ಇಲ್ಲ ಮಾರಾಯ. ಸುಮ್ನೆ ಕೇಳಿದ್ದ್" ಎಂದೆ. ಅವನಿಗೆ ಹೇಳಕೂಡದೆಂದು ಜಂದೀರಾ ಹಿಂದಿನ ಸಂಜೆಯೇ ಬರೆದು ತೋರಿಸಿದ್ದಳು. ಇಡೀ ಜೀವಮಾನದಲ್ಲಿ ಅವಳ ಕೈಯಿಂದ ಒಂದು ಕಾಸೂ ಕೇಳದೆ ಇಷ್ಟು ಮಾಡಿದವನು ಅವನೊಬ್ಬನೇ ಅಂತೆ. ಇವತ್ತಿಗೂ ವಿಲ್ಫಿಗೆ ಗೊತ್ತಿಲ್ಲ. ಬ್ರೆಜಿಲಿಗೆ ತಾನು ಕಳಿಸಿದ ಹಾಡುಗಳ ಸುದ್ದಿಯನ್ನು ಸಿಕ್ಕಸಿಕ್ಕವರಿಗೆ ಹೇಳುತ್ತಿರುತ್ತಾನೆ. ನಾನು ಪಕ್ಕದಲ್ಲಿದ್ದರೆ ಹೌದು ಹೌದು ಎನ್ನುತ್ತೇನೆ.

ಈದ್ ಬಂತು. ಹೋಟೆಲಿನಲ್ಲಿ ಮತ್ತೆ ಹಾಡು ಶುರುವಾಗಬೇಕು. ಅವಳ ಗಂಟಲಿಗಾಗಿ ಮುದೀರ್ ಎರಡು ವಾರ ಕಾಯಲು ತಯಾರಿರಲಿಲ್ಲ. ಫಿಲಿಪೀನ್ಸಿನ ಬ್ಯಾಂಡೊಂದು ಬಂತು, ಲಿಫ್ಟಿನ ಪೋಸ್ಟರ್ ಬದಲಾಯಿತು. ಜಂದೀರಾಳ ವೀಸಾ ರದ್ದು ಮಾಡುವ ಕಾಗದಕ್ಕೆ ನಾನೇ ಸಹಿ ತೆಗೆದುಕೊಳ್ಳಬೇಕಾಯಿತು. ಈ ಕೆಲಸದ ಮೇಲೆ ಅವತ್ತು ಬಂದಷ್ಟು ಹೇಸಿಗೆ ನನಗೆ ಇನ್ನೆಂದೂ ಬಂದಿಲ್ಲ. ಅವಳಿಗೆ ಮಾತಾಡಲು ಅಪ್ಪಣೆ ಸಿಕ್ಕಿತ್ತು. ಮಾತು ಬಂತು. ಆದರೆ ಅದು ಒಣ ಎಲೆ ಮೆಟ್ಟಿದ ಹಾಗಿನ ಸದ್ದು. ನಾಳೆ ಸರಿಹೋದೀತು, ನಾಡಿದ್ದು ಸರಿಹೋದೀತು ಎಂದು ನಾನು ಹೇಳುತ್ತಿದ್ದೆ.

ಹೊರಡುವ ವಾರ ಸಾವೊ ಪಾವ್ಲೊದವನ ಉತ್ತರ ಬಂತು. ಮನುಷ್ಯ ಒಳ್ಳೆಯವನು, ಮರ್ಯಾದೆಯಿಂದಲೇ ಬರೆದಿದ್ದ. ಹಾಡುಗಳು ಬಹಳ ಚೆನ್ನಾಗಿವೆ, ಆದರೆ ದನಿಯನ್ನು ಯಂತ್ರದಲ್ಲಿ ತಿದ್ದಿದ್ದು ಕೇಳುತ್ತದೆ, ನಮಗೆ ನೀವು ಬೇಕು, ತಿದ್ದದೇ ಇರುವುದನ್ನು ಕಳಿಸಿ. ಅದು ಇಲ್ಲದಿದ್ದರೆ ತೊಂದರೆಯಿಲ್ಲ, ಇನ್ನೊಮ್ಮೆ ಹಾಡಿ. ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಹಾಡಿದರೂ ಸಾಕು.

ಅವಳು ನನ್ನ ಅಡುಗೆಮನೆಯಲ್ಲೇ ಕೂತಳು. ನಾನು ಫ್ರಿಜ್ಜಿನ ಸ್ವಿಚ್ಚು ಆರಿಸಿ, ಫೋನು ಎದುರು ಹಿಡಿದೆ. ಗಿಟಾರು ಮೊದಲಿನ ಹಾಗೆಯೇ ಶುರುವಾಯಿತು. ತಾಳ ಮುಂದೆ ಹೋಯಿತು. ನಾನು ಕಾದೆ. ಹಡಗಿನ ಹಾಡು ಅದು. ಅವಳ ಬಾಯಿ ತೆರೆದಿತ್ತು, ಕುತ್ತಿಗೆಯ ನರ ಎದ್ದಿತ್ತು, ಹೊರಗೆ ಬಂದದ್ದು ಬರೀ ಗಾಳಿ. ಅಲ್ಲೊಂದು ಇಲ್ಲೊಂದು ಪದ ಮಾತ್ರ ಕರಕರ ಎಂದಿತು. ಒಂದು ಸಾಲನ್ನೂ ಬಿಡದೆ ಅವಳು ಕೊನೆಯವರೆಗೆ ಹಾಡಿದಳು. ಆಮೇಲೆ ಫೋನು ಇಸಿದುಕೊಂಡು ಕೇಳಿಸಿಕೊಂಡಳು. ಕೇಳಿ, ತಾನೇ ಅಳಿಸಿದಳು.

"ನೀನು ಅವನಿಗೆ ಬರಿ ಶಶಿ" ಎಂದಳು ಆ ಒಣ ದನಿಯಲ್ಲಿ. "ಹೋಟೆಲಿನ ಆಫೀಸಿನಿಂದ ಬರೆದ ಹಾಗೆ ಬರಿ."

"ಏನಂತ?"

"ಅವಳಿಗೆ ಈಗ ಬಿಡುವಿಲ್ಲ ಅಂತ. ದಿನಾ ಕಾರ್ಯಕ್ರಮ ಇದೆ. ಜನ ಬಿಡುತ್ತಿಲ್ಲ ಅಂತ ಬರಿ."

ನಾನು ಅವಳ ಎದುರಿಗೇ ಕೂತು ಬರೆದೆ. ಜನ ಬಿಡುತ್ತಿಲ್ಲ ಎಂಬ ಮಾತನ್ನು ಅವಳು ಎರಡು ಸಲ ಓದಿಸಿದಳು. ವಾರ ಕಳೆಯುವ ಮೊದಲೇ ಅವಳನ್ನು ವಿಮಾನ ಹತ್ತಿಸಿ ಬಂದೆ. ಊರಿನಲ್ಲಿ ತಂಗಿಯ ಮನೆ ಇದೆಯೆಂದಿದ್ದಳು. ಮೊದಲು ಒಂದೆರಡು ಸಲ ಮೆಸೇಜು ಬಂತು, ಆಮೇಲೆ ಆ ನಂಬರು ಸುಮ್ಮನಾಯಿತು.

ಅವನ ಉತ್ತರ ಮಾತ್ರ ಆಫೀಸಿನ ಮೇಲಿಗೆ ತಡಮಾಡದೆ ಬಂತು. ಅವರು ಇನ್ನೂ ಹಾಡುತ್ತಿದ್ದಾರೆಂದು ತಿಳಿದು ನಮಗೆಲ್ಲ ಬಹಳ ಸಂತೋಷವಾಯಿತು, ಅವಸರವಿಲ್ಲ, ಬಿಡುವಾದಾಗ ತಿಳಿಸಲಿ, ನಾವು ಕಾಯುತ್ತೇವೆ ಎಂದು ಬರೆದಿದ್ದ. ಆಮೇಲೂ ಆಗಾಗ ಬರೆಯುತ್ತಾನೆ, ಬಿಡುವಾಯಿತೇ ಎಂದು ಕೇಳುತ್ತಾನೆ. ಇನ್ನೂ ಆಗಿಲ್ಲ ಎಂದು ನಾನು ಉತ್ತರ ಕೊಡುತ್ತೇನೆ.